ಹಗುರ ಮೂರು ಚಕ್ರದ ಕಾರಿಗೆ ಟೈರು, ರಿಮ್ಮಿನ ಅಳತೆ ಆರಿಸುವ ಬಗೆ

ಮುಂದೆ ಎರಡು, ಹಿಂದೆ ಒಂದು ಚಕ್ರವಿರುವ ಹಗುರ ಕಾರು ಕಟ್ಟಲು ಹೊರಟವರು ಟೈರಿನ ಅಂಗಡಿಗೆ ಹೋಗುವ ಮುಂಚೆ ಎರಡು ಲೆಕ್ಕ ಮುಗಿಸಿಕೊಂಡಿರಬೇಕು. ಒಂದೊಂದು ಚಕ್ರದ ಮೇಲೆ ಎಷ್ಟು ಕಿಲೋ ಕೂರುತ್ತದೆ ಎಂಬುದು ಮೊದಲನೆಯದು. ತಿರುವಿನಲ್ಲಿ ಗಾಡಿ ಎಲ್ಲಿಗೆ ಬಂದಾಗ ಮಗುಚುತ್ತದೆ ಎಂಬುದು ಎರಡನೆಯದು. ನಾಲ್ಕು ಚಕ್ರದ ಕಾರಿಗೆ ಒಂದು ಸೈಜು ದೊಡ್ಡ ಟೈರು ಹಾಕಿದರೆ ಸಾಮಾನ್ಯವಾಗಿ ಹಿಡಿತ ಹೆಚ್ಚುತ್ತದೆ, ಅಷ್ಟೇ. ಮೂರು ಚಕ್ರದ್ದರಲ್ಲಿ ಹಿಡಿತ ಹೆಚ್ಚಾಗಿ ಮಗುಚುವ ಮಿತಿಯನ್ನು ದಾಟಿದರೆ, ಜಾರಬೇಕಾದ ಗಾಡಿ ಒಳಬದಿಯ ಚಕ್ರವನ್ನು ಎತ್ತಿಬಿಡುತ್ತದೆ. ಹಾಗಾಗಿ ಇಲ್ಲಿ ಟೈರು ದೊಡ್ಡದಾದಷ್ಟೂ ಒಳ್ಳೆಯದು ಎಂಬ ಮಾತು ನಡೆಯುವುದಿಲ್ಲ.

ಲೆಕ್ಕಕ್ಕೆ ಒಂದು ಗಾಡಿಯನ್ನು ಹಿಡಿಯೋಣ. ಬೈಕಿನ ಎಂಜಿನ್, ಚೈನಿನಿಂದ ಓಡುವ ಹಿಂದಿನ ಚಕ್ರ, ಇಬ್ಬರಿಗೆ ಸೀಟು. ಖಾಲಿ ತೂಕ 350 ಕಿಲೋ, ಇಬ್ಬರದು 150, ಸಾಮಾನು 20, ಒಟ್ಟು 520. ಮುಂದಿನ ಆಕ್ಸಲ್‌ನಿಂದ ಹಿಂದಿನದಕ್ಕೆ 2200 ಮಿ.ಮೀ., ಮುಂದಿನ ಎರಡು ಚಕ್ರಗಳ ನಡುವೆ 1400 ಮಿ.ಮೀ. ತೂಕದ ಮೂರನೇ ಎರಡು ಭಾಗ ಮುಂದೆ. ಅಲ್ಲಿಗೆ ಮೂರು ಚಕ್ರದ ಮೇಲೂ ತಲಾ 173 ಕಿಲೋ ಬರುತ್ತದೆ. ಇಂಥ ಗಾಡಿಗೆ ಇದು ಒಳ್ಳೆಯ ಹಂಚಿಕೆ, ವಿನ್ಯಾಸ ಮಾಡುವಾಗಲೇ ಇದನ್ನು ಗುರಿಯಾಗಿ ಇಟ್ಟುಕೊಳ್ಳಿ.

ತೂಗುವ ವಿಧಾನ

ಲಾರಿ ತೂಗುವ ವೇಬ್ರಿಡ್ಜ್ ಈ ಕೆಲಸಕ್ಕೆ ಆಗುವುದಿಲ್ಲ. ಅದರ ಒಂದೊಂದು ಹೆಜ್ಜೆಯೇ 5–10 ಕಿಲೋ ಇರುತ್ತದೆ. ಗೊಬ್ಬರದ ಅಂಗಡಿಯಲ್ಲಿ ಮೂಟೆ ತೂಗುವ 300 ಕಿಲೋದ ಎಲೆಕ್ಟ್ರಾನಿಕ್ ತಕ್ಕಡಿ ಒಂದು ಸಿಕ್ಕರೆ ಸಾಕು. ತಕ್ಕಡಿಯಷ್ಟೇ ಎತ್ತರದ ಮರದ ದಿಮ್ಮಿಗಳನ್ನು ಉಳಿದ ಎರಡು ಚಕ್ರಗಳ ಕೆಳಗಿಟ್ಟು, ಒಂದೊಂದೇ ಚಕ್ರವನ್ನು ತೂಗಿ. ಇಬ್ಬರೂ ಸೀಟಿನಲ್ಲಿ ಕೂತಿರಬೇಕು, ಪೆಟ್ರೋಲ್ ಟ್ಯಾಂಕ್ ತುಂಬಿರಬೇಕು. ಇನ್ನೊಮ್ಮೆ ಚಾಲಕ ಒಬ್ಬನೇ ಕೂತಿರುವಾಗ ತೂಗಿ. ಈ ಎರಡನೆಯ ಅಳತೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಆದರೆ ಅಪಾಯ ಇರುವುದೇ ಅಲ್ಲಿ.

ತೂಕದ ಕೇಂದ್ರ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂಬುದನ್ನೂ ಇದೇ ತಕ್ಕಡಿಯಿಂದ ತಿಳಿಯಬಹುದು. ಶಾಕ್ ಅಬ್ಸಾರ್ಬರ್‌ಗಳ ಜಾಗದಲ್ಲಿ ಕಬ್ಬಿಣದ ಸಲಾಕೆ ಹಾಕಿ ಸಸ್ಪೆನ್ಷನ್ ಅಲುಗದಂತೆ ಮಾಡಿ. ಗೇರು ನ್ಯೂಟ್ರಲ್‌ನಲ್ಲಿರಲಿ, ಬ್ರೇಕು ಬಿಟ್ಟಿರಲಿ. ಹಿಂದಿನ ಚಕ್ರವನ್ನು 500 ಮಿ.ಮೀ. ಎತ್ತಿ ನಿಲ್ಲಿಸಿ, ಮುಂದಿನ ಎರಡೂ ಚಕ್ರಗಳ ಒಟ್ಟು ತೂಕ ಎಷ್ಟು ಏರಿತು ನೋಡಿ. ನಮ್ಮ ಗಾಡಿಯಲ್ಲಿ 11 ಕಿಲೋ ಏರಿತು ಎನ್ನೋಣ. 11 ಅನ್ನು 2.2 ಮೀಟರ್‌ನಿಂದ ಗುಣಿಸಿ, ಒಟ್ಟು ತೂಕ 520 ಹಾಗೂ ಇಳಿಜಾರಿನ ಟ್ಯಾಂಜೆಂಟ್ 0.233 ಎರಡರ ಗುಣಲಬ್ಧದಿಂದ ಭಾಗಿಸಿದರೆ 0.2 ಮೀಟರ್ ಬರುತ್ತದೆ. ಇದು ಆಕ್ಸಲ್‌ಗಿಂತ ಮೇಲಿನ ಎತ್ತರ. ಇದಕ್ಕೆ ಚಕ್ರದ ತ್ರಿಜ್ಯ ಸುಮಾರು 250 ಮಿ.ಮೀ. ಕೂಡಿಸಿ: 450 ಮಿ.ಮೀ.

ಮಗುಚುವ ಮಿತಿ

ಈ ಗಾಡಿ ಮಗುಚುವುದು ಮುಂದಿನ ಹೊರಚಕ್ರದಿಂದ ಹಿಂದಿನ ಒಂಟಿ ಚಕ್ರಕ್ಕೆ ಎಳೆದ ಓರೆ ಗೆರೆಯ ಮೇಲೆ. ತೂಕದ ಕೇಂದ್ರದಿಂದ ಆ ಗೆರೆಗೆ ಅಡ್ಡಡ್ಡ ಇರುವ ದೂರವನ್ನು ಕೇಂದ್ರದ ಎತ್ತರದಿಂದ ಭಾಗಿಸಿದರೆ ಮಿತಿ ಸಿಗುತ್ತದೆ. ಚಕ್ರಗಳ ನಡುವಿನ ಅಂತರದ ಅರ್ಧ 700, ಅದರ ಮೂರನೇ ಎರಡು ಭಾಗ 467, ಭಾಗಿಸು 450: ಸುಮಾರು 1.04 ಜಿ. (1 ಜಿ ಎಂದರೆ ಗಾಡಿಯ ತೂಕದಷ್ಟೇ ಅಡ್ಡಬಲ.) ಮಾಮೂಲಿ ಕಾರಿನ ಟೈರು ಒಣ ಡಾಂಬರಿನ ಮೇಲೆ ಸುಮಾರು 0.8 ಜಿ ಹಿಡಿಯುತ್ತದೆ. ಅಂತರ ಇದೆ, ಗಾಡಿ ಮಗುಚುವ ಮೊದಲು ಜಾರುತ್ತದೆ.

ಈಗ ಚಾಲಕ ಒಬ್ಬನೇ ಇರುವಾಗಿನ ಲೆಕ್ಕ. ಒಟ್ಟು 445 ಕಿಲೋ. ಅದರಲ್ಲಿ 75 ಕಿಲೋ ನಡುಗೆರೆಯಿಂದ 300 ಮಿ.ಮೀ. ಬಲಕ್ಕೆ ಕೂತಿದೆ, ಕೇಂದ್ರ 50 ಮಿ.ಮೀ. ಬಲಕ್ಕೆ ಸರಿಯಿತು. ಎಡಕ್ಕೆ ತಿರುಗುವಾಗ ಗಾಡಿ ಬಲಕ್ಕೆ ವಾಲುವುದರಿಂದ ಉಳಿದ ದೂರ 417, ಮಿತಿ 0.93ಕ್ಕೆ ಇಳಿಯುತ್ತದೆ. ರಸ್ತೆಯ ಉಬ್ಬುತಗ್ಗು, ಬಾಡಿಯ ವಾಲಾಟ ಸೇರಿದರೆ ಇನ್ನೂ ಕಡಿಮೆ. ಇದೇ ಗಾಡಿಗೆ 165/65 ಆರ್14 ಹಾಕಿದರೆ ಏನಾಗುತ್ತದೆ ನೋಡಿ: ವ್ಯಾಸ 508ರಿಂದ 570 ಮಿ.ಮೀ.ಗೆ ಏರಿ, ಇಡೀ ಗಾಡಿ 31 ಮಿ.ಮೀ. ಮೇಲೆದ್ದು, ಮಿತಿ 0.87 ಆಗುತ್ತದೆ. ಅಗಲ ಟೈರಿನಿಂದ ಹಿಡಿತವೂ ಏರುತ್ತದೆ. ಮಗುಚುವ ಮಿತಿ ಕೆಳಗಿಳಿದು ಹಿಡಿತ ಮೇಲೇರಿ, ಎರಡೂ ಹತ್ತಿರ ಬಂದುಬಿಡುತ್ತವೆ. ಹಿಡಿತಕ್ಕಿಂತ ಮಗುಚುವ ಮಿತಿ ಕನಿಷ್ಠ 0.1 ಜಿ ಮೇಲಿರಲಿ, 0.2 ಇದ್ದರೆ ನೆಮ್ಮದಿ. ಅಷ್ಟು ಇಲ್ಲವೆಂದರೆ ಚಕ್ರಗಳ ಅಂತರ ಹೆಚ್ಚಿಸಿ, ಸೀಟು ಕೆಳಗಿಳಿಸಿ, ಇಲ್ಲವೇ ಎಂಜಿನ್ನನ್ನು ಮುಂದಕ್ಕೆ ತನ್ನಿ. ಮೆದು ರಬ್ಬರಿನ ರೇಸಿಂಗ್ ಟೈರನ್ನಂತೂ ಇಂಥ ಗಾಡಿಗೆ ಹಾಕಲೇಬೇಡಿ.

ಮುಂದೆ ಒಂದು, ಹಿಂದೆ ಎರಡು ಚಕ್ರದ ಗಾಡಿಗೂ ಸೂತ್ರ ಇದೇ, ದೂರವನ್ನು ಮಾತ್ರ ಮುಂದಿನ ಒಂಟಿ ಚಕ್ರದಿಂದ ಅಳೆಯಬೇಕು. ಬ್ರಿಟನ್ನಿನ ರಿಲಯಂಟ್ ರಾಬಿನ್ ಆ ಬಗೆಯದು. ತಿರುವಿನಲ್ಲಿ ಬ್ರೇಕ್ ಹಾಕಿದಾಗ ತೂಕ ಹೋಗಿ ಕೂರುವುದೇ ಆ ಒಂಟಿ ಚಕ್ರದ ಕಡೆಗೆ, ಆದ್ದರಿಂದ ಹೊಸದಾಗಿ ಕಟ್ಟುವವರಿಗೆ ಆ ವಿನ್ಯಾಸ ಬೇಡ ಎನ್ನುವುದೇ ನಮ್ಮ ಸಲಹೆ.

ಟೈರಿನ ಮೇಲೆ ಬರೆದದ್ದನ್ನು ಓದುವುದು

145/70 ಆರ್12 69 ಎಸ್ ಎಂದಿದ್ದರೆ: ಟೈರಿನ ಅಗಲ 145 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ಶೇ. 70, ರೇಡಿಯಲ್, 12 ಇಂಚಿನ ರಿಮ್ಮು, 69 ಎಂದರೆ 325 ಕಿಲೋ ಹೊರುತ್ತದೆ, ಎಸ್ ಎಂದರೆ ಗಂಟೆಗೆ 180 ಕಿ.ಮೀ. ವರೆಗೆ. ಭಾರದ ಸಂಖ್ಯೆ 65 ಇದ್ದರೆ 290 ಕಿಲೋ, 71 ಇದ್ದರೆ 345, 74 ಇದ್ದರೆ 375. ವ್ಯಾಸ ಬೇಕಿದ್ದರೆ ರಿಮ್ಮಿನ ಇಂಚನ್ನು 25.4ರಿಂದ ಗುಣಿಸಿ, ಗೋಡೆಯ ಎತ್ತರದ ಎರಡರಷ್ಟು ಕೂಡಿಸಿ. ತಯಾರಾದ ವಾರ, ವರ್ಷ ಟೈರಿನ ಗೋಡೆಯ ಮೇಲೆ DOT ಎಂದು ಶುರುವಾಗುವ ಗುರುತಿನ ಕೊನೆಯ ನಾಲ್ಕು ಅಂಕಿಯಲ್ಲಿರುತ್ತದೆ. 2324 ಎಂದರೆ 2024ರ 23ನೇ ವಾರ. ಈ ಗಾಡಿಗಳು ಕಡಿಮೆ ಓಡುತ್ತವೆ, ಟೈರು ಸವೆಯುವ ಮೊದಲೇ ರಬ್ಬರು ಗಡುಸಾಗುತ್ತದೆ. ಆರು ವರ್ಷ ದಾಟಿದ್ದನ್ನು ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳಬೇಡಿ.

173 ಕಿಲೋಗೆ 325 ಕಿಲೋ ಹೊರುವ ಟೈರು ಯಾಕೆ ಬೇಕು? 0.7 ಜಿ ತಿರುವಿನಲ್ಲಿ ಹೊರಚಕ್ರಕ್ಕೆ ವರ್ಗವಾಗುವ ತೂಕವನ್ನು ಲೆಕ್ಕ ಹಾಕಿ: 520 ಗುಣಿಸು 0.7 ಗುಣಿಸು 0.45, ಭಾಗಿಸು 1.4, ಅಂದರೆ 117 ಕಿಲೋ. ಹಿಂದೆ ಇರುವುದು ಒಂದೇ ಚಕ್ರವಾದ್ದರಿಂದ ಈ ವರ್ಗಾವಣೆ ಪೂರ್ತಿ ಮುಂದಿನ ಜೋಡಿಯ ಮೇಲೇ ಬೀಳುತ್ತದೆ. ಹೊರಚಕ್ರ 290 ಕಿಲೋ ಹೊರುತ್ತದೆ, ಒಳಚಕ್ರದಲ್ಲಿ ಉಳಿಯುವುದು 56. ಆ ಹೊತ್ತಿಗೆ ಒಂದು ಗುಂಡಿ ಸಿಕ್ಕರೆ? ಟೈರಿಗೆ ಅಷ್ಟು ಅವಕಾಶ ಉಳಿದಿರಬೇಕು.

ನಮ್ಮಲ್ಲಿ ಸಿಗುವ ಟೈರುಗಳು

145/70 ಆರ್12 ಹಳೆಯ ಮಾರುತಿ 800ರ ಸೈಜು, ವ್ಯಾಸ 508 ಮಿ.ಮೀ. ಮೇಲಿನ ಗಾಡಿಗೆ ಹೇಳಿ ಮಾಡಿಸಿದ ಅಳತೆ. ಮಾರುತಿ 800 ನಿಂತದ್ದು 2014ರಲ್ಲಿ, ಹಾಗಾಗಿ ಸಣ್ಣ ಊರುಗಳಲ್ಲಿ ಹುಡುಕಬೇಕಾದೀತು. 145/80 ಆರ್12 ಆಲ್ಟೊ 800ರದ್ದು, ವ್ಯಾಸ 537. ಗೋಡೆ ಎತ್ತರವಿರುವುದರಿಂದ ಕೆಟ್ಟ ರಸ್ತೆಗೆ ಇದೇ ಮೇಲು, ಗುಂಡಿಗೆ ಬಿದ್ದರೂ ರಿಮ್ಮು ಬೆಂಡಾಗುವುದು ಕಡಿಮೆ. ಗಾಡಿ 14 ಮಿ.ಮೀ. ಏಳುತ್ತದೆ ಎಂಬುದನ್ನು ಮಾತ್ರ ಲೆಕ್ಕಕ್ಕೆ ಸೇರಿಸಿ. 135/70 ಆರ್12 ನ್ಯಾನೋದ ಮುಂದಿನ ಟೈರು, ಬಜಾಜ್ ಕ್ಯೂಟ್‌ಗೂ ಅದೇ. ವ್ಯಾಸ 494, ಭಾರದ ಸಂಖ್ಯೆ 65. ಒಟ್ಟು ತೂಕ 400 ಕಿಲೋ ಒಳಗಿರುವ ಗಾಡಿಗೆ ಇದು ಚೆನ್ನ, 520 ಕಿಲೋ ಗಾಡಿಯ ಹೊರಚಕ್ರಕ್ಕೆ ಏನೂ ಉಳಿಯುವುದಿಲ್ಲ. 155/65 ಆರ್13 ಸುಲಭವಾಗಿ ಸಿಗುತ್ತದೆ, ವ್ಯಾಸ 532. ದೊಡ್ಡ ಡಿಸ್ಕ್ ಬ್ರೇಕಿಗೆ 12 ಇಂಚಿನಲ್ಲಿ ಜಾಗ ಸಾಲದಿದ್ದರೆ ಇದಕ್ಕೆ ಹೋಗಿ, ಇಲ್ಲದಿದ್ದರೆ ಅಗತ್ಯವಿಲ್ಲ.

ಅಂಗಡಿಯವರು ಕೈಗೆ ಸಿಕ್ಕಿತೆಂದು ಓಮ್ನಿಯ 145 ಆರ್12 ಎಲ್‌ಟಿ ತಂದುಕೊಡುತ್ತಾರೆ. ಅಳತೆ ಒಂದೇ ಥರ ಕಂಡರೂ ಅದು ಸಾಮಾನು ಹೊರುವ ಟೈರು, ಗೋಡೆ ಗಟ್ಟಿ. 173 ಕಿಲೋ ಭಾರಕ್ಕೆ ಅದು ಬಾಗುವುದೇ ಇಲ್ಲ. ಗಾಡಿ ಕುಣಿಯುತ್ತದೆ, ಮಳೆಯಲ್ಲಿ ಬ್ರೇಕು ಜಾರುತ್ತದೆ. ವಾಪಸ್ ಕೊಡಿ.

ಆಟೋದ 4.00-8 ಟೈರು ಅಗ್ಗ, ಎಲ್ಲೆಲ್ಲೂ ಸಿಗುತ್ತದೆ. ಆದರೆ ವ್ಯಾಸ ಸುಮಾರು 420 ಮಿ.ಮೀ. ಮಾತ್ರ, ಗುಂಡಿಯೊಳಗೆ ಪೂರ್ತಿ ಇಳಿದುಬಿಡುತ್ತದೆ. 8 ಇಂಚಿನ ರಿಮ್ಮಿನೊಳಗೆ ಒಳ್ಳೆಯ ಡಿಸ್ಕ್ ಬ್ರೇಕು ಕೂರಿಸಲು ಜಾಗವಿಲ್ಲ. 50 ಕಿ.ಮೀ. ವೇಗದೊಳಗೆ ಓಡುವ ಗಾಡಿಯಾದರೆ ಸರಿ, ಹೆದ್ದಾರಿಗೆ ಬೇಡ.

ಬೈಕಿನ ಟೈರು, ಚಕ್ರದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಎಂಜಿನ್ ಬೈಕಿನದ್ದಾದಾಗ ಹಿಂದಿನ ಚಕ್ರವನ್ನೂ ಹಾಗೇ ಇಟ್ಟುಕೊಳ್ಳುವ ಆಸೆಯಾಗುತ್ತದೆ. ಬೈಕು ತಿರುವಿನಲ್ಲಿ ವಾಲುತ್ತದೆ, ಬಲವೆಲ್ಲ ಚಕ್ರದ ಸಮತಲದಲ್ಲೇ ಹರಿಯುತ್ತದೆ. ವಾಲದ ಮೂರು ಚಕ್ರದ ಗಾಡಿಯಲ್ಲಿ ಅದೇ ಚಕ್ರದ ಮೇಲೆ ನೂರು ಕಿಲೋಗೂ ಹೆಚ್ಚು ಬಲ ಅಡ್ಡಡ್ಡ ಬೀಳುತ್ತದೆ. ಕಡ್ಡಿ ಚಕ್ರವಾದರೆ ಕಡ್ಡಿ ಸಡಿಲಾಗಿ, ಆಮೇಲೆ ಮುರಿಯುತ್ತದೆ. ಅಲಾಯ್ ಆದರೆ ಹಬ್ಬಿನ (ಚಕ್ರದ ನಡುಭಾಗದ) ಬೇರಿಂಗು ಸವೆದು ಚಕ್ರ ಅಲುಗಾಡತೊಡಗುತ್ತದೆ. ಟೈರು ದುಂಡಗಿರುವುದರಿಂದ ನಡುವಿನ ಒಂದು ಪಟ್ಟಿ ಮಾತ್ರ ಸವೆದು ಚಪ್ಪಟೆಯಾಗುತ್ತದೆ. ಮಾರ್ಗನ್ ಕಂಪನಿ 2011ರ ತ್ರೀ ವೀಲರ್‌ಗೆ ಮುಂದೆ 19 ಇಂಚಿನ ಕಡ್ಡಿ ಚಕ್ರ ಹಾಕಿತ್ತು ನಿಜ. ಆದರೆ ಅವು ಅಡ್ಡಬಲ ತಡೆಯಲೆಂದೇ ಮಾಡಿದ ಚಕ್ರಗಳು, ಹಿಂದೆ ಹಾಕಿದ್ದು ಕಾರಿನ ಟೈರು. ಚಿತ್ರ ನೋಡಿ ಬೈಕಿನ ಚಕ್ರ ಜೋಡಿಸಿದರೆ ಅದು ಮಾರ್ಗನ್ ಆಗುವುದಿಲ್ಲ. ಗಾಡಿಯೇ ಬೈಕಿನಂತೆ ವಾಲುವ ವಿನ್ಯಾಸವಾದರೆ ಮಾತ್ರ ಬೈಕಿನ ಟೈರು ಸರಿ.

ಕಾರಿನ ಟೈರನ್ನು ಬೈಕಿನ ರಿಮ್ಮಿಗೆ ಏರಿಸುವ ಉಪಾಯವೂ ಬೇಡ. ಟೈರಿನ ಅಂಚು ಕೂರುವ ಜಾಗದ ಆಕಾರ ಎರಡರಲ್ಲೂ ಬೇರೆ ಬೇರೆ, ಅಡ್ಡಬಲಕ್ಕೆ ಅಂಚು ಕಳಚಿಕೊಳ್ಳುತ್ತದೆ.

ಹಿಂದಿನ ಚಕ್ರಕ್ಕೆ ಯಾವುದು?

ಮೂರಕ್ಕೂ ಒಂದೇ ಸೈಜು ಹಾಕಿ ಶುರುಮಾಡಿ. ತಲಾ 173 ಕಿಲೋ ಇರುವಾಗ ಗಾಡಿ ಸಹಜವಾಗಿ ತಿರುಗುತ್ತದೆ, ತೂಕದ ವರ್ಗಾವಣೆಯೆಲ್ಲ ಮುಂದೇ ಆಗುವುದರಿಂದ ಮಿತಿಯ ಹತ್ತಿರ ಮುಂಭಾಗ ಮೊದಲು ಜಾರುತ್ತದೆ. ಚಾಲಕನಿಗೆ ಅದೇ ಕ್ಷೇಮ. ಒಂದೇ ಸ್ಟೆಪ್ನಿ ಮೂರಕ್ಕೂ ಆಗುವುದು ಇನ್ನೊಂದು ಲಾಭ. ಹಿಂದೆ ಶೇ. 38–40 ತೂಕ ಬಂದರೆ ಬಾಲ ಮೊದಲು ಜಾರತೊಡಗುತ್ತದೆ. ಆಗ ಹಿಂದೆ ಮಾತ್ರ 155/65 ಆರ್12ರಂತೆ ಒಂದು ಹೆಜ್ಜೆ ಅಗಲದ್ದನ್ನು ಹಾಕಬಹುದು. ಅದರ ವ್ಯಾಸ 506, 145/70ಕ್ಕೆ ಸರಿಹೊಂದುತ್ತದೆ. ನ್ಯಾನೋದ ಹಿಂದಿನ ಟೈರು ಅದೇ.

ಇನ್ನೂ ಅಗಲಕ್ಕೆ ಹೋಗದಿರಲು ಮಳೆಯೇ ಕಾರಣ. ನಾಲ್ಕು ಚಕ್ರದ ಕಾರಿನಲ್ಲಿ ಮುಂದಿನ ಟೈರು ನೀರನ್ನು ಸೀಳಿಕೊಂಡು ಹೋದ ಹಾದಿಯಲ್ಲೇ ಹಿಂದಿನದು ಬರುತ್ತದೆ. ಮೂರು ಚಕ್ರದ್ದರಲ್ಲಿ ಹಿಂದಿನ ಚಕ್ರ ರಸ್ತೆಯ ನಡುವೆ, ಯಾರೂ ಸೀಳದ ನೀರಿನ ಮೇಲೆ ಓಡುತ್ತದೆ. ವಾಹನಗಳಿಂದ ತೊಟ್ಟಿಕ್ಕಿದ ಎಣ್ಣೆ, ಜಲ್ಲಿಪುಡಿ ಕೂರುವುದೂ ಅದೇ ಪಟ್ಟಿಯಲ್ಲಿ. ಜೋರಾಗಿ ಬ್ರೇಕ್ ಹಾಕಿದಾಗ, 0.8 ಜಿ ಎಂದುಕೊಂಡರೆ, ಹಿಂದಿನ 173 ಕಿಲೋದಲ್ಲಿ 85 ಮುಂದಕ್ಕೆ ಹೋಗಿ 88 ಮಾತ್ರ ಉಳಿಯುತ್ತದೆ. ಅಷ್ಟು ಕಡಿಮೆ ತೂಕದಲ್ಲಿ ಅಗಲ ಟೈರು ನೀರಿನ ಮೇಲೆ ತೇಲಿಬಿಡುತ್ತದೆ. ಮಲೆನಾಡಿನ ಜೂನ್–ಜುಲೈ ಮಳೆಯಲ್ಲಿ ಓಡಿಸುವವರು ಹಿಂದಿನ ಟೈರಿನ ಗೀರಿನ ಆಳ 3 ಮಿ.ಮೀ.ಗೆ ಇಳಿದ ಕೂಡಲೇ ಬದಲಿಸಿ. ಕಾನೂನು ಇನ್ನೂ ಕಡಿಮೆಗೆ ಅವಕಾಶ ಕೊಡುತ್ತದೆ, ಆದರೆ ಒಂಟಿ ಚಕ್ರಕ್ಕೆ ಅದು ಸಾಲದು. ಹಿಂದಿನದು ಟ್ಯೂಬ್‌ಲೆಸ್ಸೇ ಆಗಿರಲಿ. ಟ್ಯೂಬ್ ಒಡೆದರೆ ಗಾಳಿ ಒಮ್ಮೆಲೇ ಹೋಗುತ್ತದೆ, ಹಿಂದೆ ಗಾಡಿಯನ್ನು ಹಿಡಿಯಲು ಜೊತೆಯ ಚಕ್ರ ಇಲ್ಲ.

ಗುಂಡಿಯ ಮಾತೂ ಇಲ್ಲೇ ಬರುತ್ತದೆ. ಮುಂದಿನ ಎರಡು ಚಕ್ರಗಳ ನಡುವೆ ತಪ್ಪಿಸಿದ ಗುಂಡಿ ನೇರ ಹಿಂದಿನದಕ್ಕೆ ಸಿಗುತ್ತದೆ. ಅದಕ್ಕೇ ಹಿಂದೆ ಗೋಡೆ ತೆಳುವಾದ ಟೈರು ಸಲ್ಲದು, 65ಕ್ಕಿಂತ ಕೆಳಗೆ ಹೋಗಬೇಡಿ.

ಸ್ವಿಂಗ್ ಆರ್ಮಿನೊಳಗೆ (ಹಿಂದಿನ ಚಕ್ರವನ್ನು ಹಿಡಿದು ಮೇಲೆ ಕೆಳಗೆ ಆಡುವ ತೋಳು) ಕೂರಿಸುವಾಗ ಟೈರಿನ ಅತಿ ಅಗಲದ ಜಾಗದಿಂದ ಚೈನಿಗೂ ಆರ್ಮಿಗೂ ಕನಿಷ್ಠ 10–12 ಮಿ.ಮೀ. ಬಿಡಿ. ಖಾಲಿ ರಿಮ್ಮಿನಲ್ಲಿ ಅಳೆದರೆ ಮೋಸ ಹೋಗುತ್ತೀರಿ. ಟೈರು ಏರಿಸಿ, ಗಾಳಿ ತುಂಬಿಸಿ, ಸ್ಪ್ರಿಂಗ್ ತೆಗೆದು, ಆರ್ಮನ್ನು ಮೇಲೆ ಕೆಳಗೆ ಪೂರ್ತಿ ಆಡಿಸಿ ನೋಡಿ.

ವ್ಯಾಸ ಬದಲಾದರೆ ಗೇರಿಂಗ್ ಬದಲಾಗುತ್ತದೆ. ಬೈಕಿನಲ್ಲಿ ಹಿಂದೆ 140/70-17 ಇತ್ತು ಎನ್ನೋಣ, ವ್ಯಾಸ 628. ಈಗ 508. ಅಂದರೆ ಅದೇ ವೇಗಕ್ಕೆ ಎಂಜಿನ್ ಸುಮಾರು ಶೇ. 24 ಹೆಚ್ಚು ತಿರುಗಬೇಕು. ಹಿಂದಿನ ಸ್ಪ್ರಾಕೆಟ್ 38 ಹಲ್ಲಿನದ್ದಾಗಿದ್ದರೆ 31ಕ್ಕೆ ಇಳಿಸಿದರೆ ಮೊದಲಿನ ಲೆಕ್ಕಕ್ಕೇ ಬರುತ್ತದೆ. ಆದರೆ ಗಾಡಿಯ ತೂಕ ಬೈಕಿನ ಎರಡು–ಮೂರು ಪಟ್ಟು ಇರುವುದರಿಂದ ಪೂರ್ತಿ ಇಳಿಸಬೇಡಿ, 34–35ರಲ್ಲಿ ನಿಲ್ಲಿಸಿ. ಏರಿನಲ್ಲಿ ಕ್ಲಚ್ ಉಳಿಯುತ್ತದೆ.

ರಿಮ್ಮು

145 ಅಗಲದ ಟೈರಿಗೆ 4 ಅಥವಾ 4.5 ಇಂಚು ಅಗಲದ ರಿಮ್ಮು. ಚಂದಕ್ಕೆಂದು 6 ಇಂಚಿನದ್ದಕ್ಕೆ ಹಿಗ್ಗಿಸಿ ಏರಿಸುವವರಿದ್ದಾರೆ. ಕಡಿಮೆ ಗಾಳಿಯಲ್ಲಿ ಓಡುವ ಹಗುರ ಗಾಡಿಯಲ್ಲಿ ಅಂಥ ಟೈರು ತಿರುವಿನಲ್ಲಿ ರಿಮ್ಮು ಬಿಟ್ಟು ಬರುತ್ತದೆ.

ಹಳೆಯ ಮಾರುತಿ 800, ಓಮ್ನಿ, ಆಲ್ಟೊ 800ರ 12 ಇಂಚಿನ ಕಬ್ಬಿಣದ ಡಿಸ್ಕ್‌ಗಳಿಗೆ (ಬ್ರೇಕಿನದ್ದಲ್ಲ, ರಿಮ್ಮು ಸೇರಿದ ಚಕ್ರ) ನಾಲ್ಕು ಬೋಲ್ಟು, ಬೋಲ್ಟಿನ ವೃತ್ತ 114.3 ಮಿ.ಮೀ. ಹಬ್ಬನ್ನೂ ಡಿಸ್ಕನ್ನೂ ಒಂದೇ ಗಾಡಿಯಿಂದ ತಂದರೆ ತಲೆನೋವಿಲ್ಲ. ಬೆಂಗಳೂರಿನವರಿಗೆ ಹೊಸದು ಜೆ.ಸಿ. ರಸ್ತೆಯಲ್ಲಿ, ಹಳೆಯದು ಶಿವಾಜಿನಗರದ ಗುಜರಿಯಲ್ಲಿ ಸಿಗುತ್ತದೆ. ಬೇರೆ ಬೇರೆ ಕಡೆಯಿಂದ ಜೋಡಿಸುವವರು ವೃತ್ತವನ್ನು ಅಳೆದೇ ತನ್ನಿ. ನಾಲ್ಕು ಬೋಲ್ಟಿದ್ದರೆ ಎದುರುಬದುರು ಬೋಲ್ಟುಗಳ ನಡುಬಿಂದುಗಳ ದೂರವೇ ಅಳತೆ. ನ್ಯಾನೋದಂತೆ ಮೂರಿದ್ದರೆ ಪಕ್ಕಪಕ್ಕದ ಎರಡು ಬೋಲ್ಟುಗಳ ದೂರವನ್ನು 1.155ರಿಂದ ಗುಣಿಸಿ, ಐದಿದ್ದರೆ 1.701ರಿಂದ. 100 ಮಿ.ಮೀ. ವೃತ್ತಕ್ಕೂ 98ಕ್ಕೂ ಕಣ್ಣಿಗೆ ವ್ಯತ್ಯಾಸ ಕಾಣದು. ಹೊಂದದ ಡಿಸ್ಕನ್ನು ಬಲವಂತವಾಗಿ ಕೂರಿಸಿದರೆ ಬೋಲ್ಟು ಓರೆಯಾಗಿ ನಿಂತು ಕೆಲವೇ ಸಾವಿರ ಕಿಲೋಮೀಟರಿನಲ್ಲಿ ತುಂಡಾಗುತ್ತದೆ. ನಡುವಿನ ತೂತೂ ಹಬ್ಬಿಗೆ ಸರಿಯಾಗಿ ಕೂರಬೇಕು, ದೊಡ್ಡದಿದ್ದರೆ ಲೇತಿನಲ್ಲಿ ಉಂಗುರ ಕಡೆಸಿ ಹಾಕಿ. ಡಿಸ್ಕ್ ಬ್ರೇಕನ್ನು ಹಿಡಿಯುವ ಕ್ಯಾಲಿಪರ್‌ಗೂ ರಿಮ್ಮಿನ ಒಳಮೈಗೂ ನಡುವೆ 4–5 ಮಿ.ಮೀ. ಇರಲಿ.

ಆಫ್‌ಸೆಟ್ ಅಂದರೆ ರಿಮ್ಮಿನ ನಡುಗೆರೆಯಿಂದ ಹಬ್ಬಿಗೆ ತಾಗುವ ಮೈವರೆಗಿನ ದೂರ. ಅದು ಕಡಿಮೆಯಾದಷ್ಟು ಚಕ್ರ ಹೊರಗೆ ಬರುತ್ತದೆ. ಚಕ್ರಗಳ ಅಂತರ ಹೆಚ್ಚಿಸಲು ಇದು ಸುಲಭದ ದಾರಿಯೆಂದು ಕಂಡರೂ, ಸ್ಟೀರಿಂಗ್ ತಿರುಗುವ ಅಕ್ಷ ನೆಲಕ್ಕೆ ತಾಗುವ ಬಿಂದುವಿನಿಂದ ಟೈರಿನ ನಡು ಅಷ್ಟೇ ದೂರ ಸರಿಯುತ್ತದೆ. ಈ ದೂರ 0–20 ಮಿ.ಮೀ. ಒಳಗಿರಲಿ. 40 ದಾಟಿದರೆ ಒಂದು ಕಡೆಯ ಬ್ರೇಕು ಸ್ವಲ್ಪ ಹೆಚ್ಚು ಹಿಡಿದರೂ ಸ್ಟೀರಿಂಗ್ ಕೈಯಿಂದ ಕಿತ್ತುಕೊಳ್ಳುತ್ತದೆ, ಹಗುರ ಗಾಡಿಯಲ್ಲಂತೂ ಪ್ರತಿ ಗುಂಡಿಯೂ ಅಂಗೈಗೆ ಬಡಿಯುತ್ತದೆ. ವ್ಯಾಸವೂ ಇದನ್ನು ಬದಲಿಸುತ್ತದೆ: ಅಕ್ಷ 12 ಡಿಗ್ರಿ ಓರೆಯಿದ್ದು ತ್ರಿಜ್ಯ 25 ಮಿ.ಮೀ. ಹೆಚ್ಚಿದರೆ ಈ ದೂರ ಸುಮಾರು 5 ಮಿ.ಮೀ. ಕಡಿಮೆಯಾಗುತ್ತದೆ. ಅಂತರ ಹೆಚ್ಚಬೇಕಿದ್ದರೆ ಸಸ್ಪೆನ್ಷನ್ನಿನ ಆರ್ಮುಗಳನ್ನೇ ಉದ್ದ ಮಾಡಿ, ಹಬ್ಬಿಗೂ ಚಕ್ರಕ್ಕೂ ನಡುವೆ ಸ್ಪೇಸರ್ ಹಾಕಬೇಡಿ.

ಗಾಳಿ

ಕಾರಿನ ಟೈರಿಗೆ ಕಾರಿನ ಗಾಳಿ ಎಂದು 32–33 ಪಿಎಸ್‌ಐ ತುಂಬಿಸುವುದು ಈ ಗಾಡಿಗಳಲ್ಲಿ ಎಲ್ಲರೂ ಮಾಡುವ ತಪ್ಪು. 325 ಕಿಲೋ ಹೊರಲು 36 ಪಿಎಸ್‌ಐ ಬೇಕಾಗುವ ಟೈರಿಗೆ 173 ಕಿಲೋಗೆ ಲೆಕ್ಕದ ಪ್ರಕಾರ 16–17 ಸಾಕು. ಹಾಗೆಂದು ಅಷ್ಟಕ್ಕೇ ಇಳಿಸಿದರೆ ಅಡ್ಡಬಲಕ್ಕೆ ಅಂಚು ಕಳಚಬಹುದು, ನೀರಿನಲ್ಲಿ ಬೇಗ ತೇಲುತ್ತದೆ. ನುಣ್ಣಗಾದ ಟೈರು ನಿಂತ ನೀರಿನಲ್ಲಿ 20 ಪಿಎಸ್‌ಐಗೆ ಸುಮಾರು 75 ಕಿ.ಮೀ. ವೇಗದಲ್ಲೇ ತೇಲಬಹುದು, 30ಕ್ಕೆ ಸುಮಾರು 90ರಲ್ಲಿ. ಹಾಗಾಗಿ 22ರಿಂದ ಶುರುಮಾಡಿ, 20–26ರ ಒಳಗೆ ಹೊಂದಿಸಿ.

ಹೊಂದಿಸಲು ಒಂದು ಸೀಮೆಸುಣ್ಣ ಸಾಕು. ತಣ್ಣಗಿರುವ ಟೈರಿನ ಮೇಲೆ ಈ ಅಂಚಿನಿಂದ ಆ ಅಂಚಿಗೆ ದಪ್ಪ ಗೆರೆ ಎಳೆಯಿರಿ. ಇಬ್ಬರೂ ಕೂತು, ಒಣಗಿದ ಸಮತಟ್ಟು ರಸ್ತೆಯಲ್ಲಿ 100–200 ಮೀಟರ್ ನೇರ ಓಡಿಸಿ ಇಳಿದು ನೋಡಿ. ನಡುವೆ ಮಾತ್ರ ಅಳಿಸಿದ್ದರೆ ಗಾಳಿ ಹೆಚ್ಚು, 2 ಪಿಎಸ್‌ಐ ಇಳಿಸಿ. ಎರಡೂ ಅಂಚು ಅಳಿಸಿ ನಡು ಉಳಿದಿದ್ದರೆ ಕಡಿಮೆ. ಒಳಅಂಚು ಮಾತ್ರ ಅಳಿಸಿದ್ದರೆ ತಪ್ಪು ಗಾಳಿಯದ್ದಲ್ಲ, ಚಕ್ರದ ಓರೆ ಹೆಚ್ಚಾಗಿದೆ. ಮುಂದಿನವು ಮೇಲ್ಭಾಗದಲ್ಲಿ ಒಳಕ್ಕೆ ಅರ್ಧದಿಂದ ಒಂದು ಡಿಗ್ರಿ ವಾಲಿದ್ದರೆ ಸಾಕು. ಹಿಂದಿನ ಟೈರಿಗೆ ಮುಂದಿನದಕ್ಕಿಂತ 2 ಪಿಎಸ್‌ಐ ಹೆಚ್ಚಿಡಿ. ಗಾಡಿ ನೇರ ಓಡುವಾಗ ಬಾಲ ಅಲ್ಲಾಡಿದಂತೆ ಅನ್ನಿಸುವುದು ಅಲ್ಲಿಗೆ ನಿಲ್ಲುತ್ತದೆ.

ಟೈರಿನ ಮೇಲೆ ಐಎಸ್‌ಐ ಗುರುತು ಇರಲೇಬೇಕು. ನೋಂದಣಿಯಾದ ವಾಹನದ ಮೂಲ ರಚನೆ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆ ಹಾಕುತ್ತದೆ. ಹೊಸದಾಗಿ ಕಟ್ಟಿದ್ದನ್ನು ರಸ್ತೆಗಿಳಿಸಲು ಪುಣೆಯ ಎಆರ್‌ಎಐನಂಥ ಸಂಸ್ಥೆಯ ಪರೀಕ್ಷೆ ದಾಟಬೇಕು. ಅಲ್ಲಿಯವರೆಗೆ ಕಾಲೇಜಿನ ಅಂಗಳ, ಸ್ವಂತ ಜಮೀನು, ಸ್ಪರ್ಧೆಯ ಟ್ರ್ಯಾಕು ಇವುಗಳಲ್ಲೇ ಓಡಿಸಿ.

ಮೊದಲ 50 ಕಿಲೋಮೀಟರ್ ಆದ ಮೇಲೆ ಮೂರೂ ಚಕ್ರದ ನಟ್ಟುಗಳನ್ನು ಟಾರ್ಕ್ ಪಾನಾದಿಂದ ಮತ್ತೆ ಬಿಗಿ ಮಾಡಿ. ಹಿಂದಿನ ಚಕ್ರವನ್ನು ಎತ್ತಿ, ಮೇಲೆ ಕೆಳಗೆ ಹಿಡಿದು ಅಡ್ಡಡ್ಡ ಅಲುಗಿಸಿ. ಒಂದಿಷ್ಟು ಆಟ ಕಂಡರೂ ಬೇರಿಂಗು ಅಡ್ಡಬಲಕ್ಕೆ ಸೋತಿದೆ ಎಂದೇ ತಿಳಿದು, ಓಡಿಸುವುದನ್ನು ನಿಲ್ಲಿಸಿ ಕಾರಿನ ಹಬ್ಬಿಗೆ ಬದಲಿಸಿಕೊಳ್ಳಿ.